ಕಟ್ಟೆಯ ಮೇಲೆ ಪ್ರೂಫ್

ನಮ್ಮ ಮನೆಗೆ ಲಗ್ನಪತ್ರಿಕೆ ಕೊಡಲು ಬರುವವರು ಈಗೀಗ ಅದನ್ನು ನನ್ನ ಕೈಗೆ ಕೊಡುವುದಿಲ್ಲ. ನಮ್ಮ ಯಜಮಾನರ ಕೈಗಿಟ್ಟು ಲಗುಬಗೆಯಿಂದ ಚಪ್ಪಲಿ ಮೆಟ್ಟುತ್ತಾರೆ. ಕಾರಣ ಬಂಧುಬಳಗಕ್ಕೆಲ್ಲ ಗೊತ್ತು. ಪತ್ರಿಕೆ ನನ್ನ ಕೈಗೆ ಬಂತೆಂದರೆ ಮುಹೂರ್ತ ಯಾವಾಗ, ಊಟ ಎಲ್ಲಿ ಎಂದು ನೋಡುವ ಮೊದಲು ಬಲಗೈ ಕೆಂಪು ಪೆನ್ನು ಹುಡುಕುತ್ತದೆ. ಮೊನ್ನೆ ಹಡಗಲಿಯಿಂದ ಬಂದ ಸೋದರಮಾವನ ಮಗ ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ನಾನು ಪತ್ರಿಕೆಯಲ್ಲಿ ಅವನ ಬೀಗರ ಹೆಸರಿಗೆ ಗೆರೆ ಎಳೆದು ಅಂಚಿನಲ್ಲಿ ಸರಿ ಮಾಡಿದ್ದೆ. ಎಲ್ಲ ಹಂಚಿ ಮುಗಿದ ಮೇಲೆ ತಿದ್ದಿ ಏನು ಉಪಯೋಗ ಎಂದು ಅವನು ಅಳುಮುಖ ಮಾಡಿದ. ಯಮನು ನೋಟೀಸು ಕಳಿಸಿದರೂ ಇವಳು ಪ್ರೂಫ್ ನೋಡಿ ವಾಪಸು ಕಳಿಸುತ್ತಾಳೆ ಎಂದು ನಮ್ಮ ಯಜಮಾನರು ನಕ್ಕರು. ಕಳಿಸಿದರೆ ಒಳ್ಳೆಯದೇ ಅಲ್ಲವೇ, ತಿದ್ದಿಕೊಂಡು ಬರುವವರೆಗೆ ನಾಲ್ಕು ದಿನ ಸಿಗುತ್ತದೆ.

ಈ ಚಟ ನನಗೆ ಅಂಟಿದ್ದು ಶಾಲೆಯಿಂದಲ್ಲ, ಮಿರ್ಚಿ ಬಜ್ಜಿಯ ಅಂಗಡಿಯಿಂದ. ನನ್ನ ತವರು ಹಗರಿಬೊಮ್ಮನಹಳ್ಳಿ. ಅಪ್ಪ ಸಂತೆಯಿಂದ ಬರುವಾಗ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಿದ್ದ. ಅಣ್ಣಂದಿರ ಕಣ್ಣು ಮಿರ್ಚಿಯ ಮೇಲೆ, ನನ್ನ ಕಣ್ಣು ಸುತ್ತಿದ ಕಾಗದದ ಮೇಲೆ. ಎಣ್ಣೆ ಕುಡಿದ ಕಾಗದದಲ್ಲಿ ಹಿಂದಿನ ಪುಟದ ಅಕ್ಷರಗಳೂ ಮುಂದಕ್ಕೆ ಮೂಡಿ, ಒಂದು ಕಡೆಯ ಮದುವೆಯಲ್ಲಿ ಇನ್ನೊಂದು ಕಡೆಯ ರಸಗೊಬ್ಬರ ಬಂದು ಕೂತಿರುತ್ತಿತ್ತು. ಅದನ್ನು ಬಿಡಿಸಿ ಬಿಡಿಸಿ ಓದಿಯೇ ನನ್ನ ಕಣ್ಣು ಹರಿತವಾಯಿತು. ಮಿರ್ಚಿ ಮಾತ್ರ ನನಗೆ ಯಾವಾಗಲೂ ತಣ್ಣಗಾದದ್ದೇ ಸಿಕ್ಕಿತು.

ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಈ ಹರಿತಕ್ಕೆ ಕೆಲಸ ಸಿಕ್ಕಿತು. ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಕಡೆ ಇನ್ನೂ ಸೀಸದ ಅಚ್ಚುಮೊಳೆ ಜೋಡಿಸುವ ಪ್ರೆಸ್ಸುಗಳಿದ್ದವು. ಹರಪನಹಳ್ಳಿಯ ಒಂದು ಪ್ರೆಸ್ಸಿನಲ್ಲಿ ನಮ್ಮ ಯಜಮಾನರ ಗೆಳೆಯರಿದ್ದರು. ಭಜನೆಪದದ ಪುಸ್ತಕ, ನಾಟಕದ ಹ್ಯಾಂಡ್‌ಬಿಲ್ಲು, ನಿವೃತ್ತ ಮಾಸ್ತರರ ಕವನ ಸಂಕಲನ, ಹೀಗೆ ಬರೆಯುವವರಿಗೆ ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಬರವೇ ಇರಲಿಲ್ಲ. ಅಚ್ಚಿನ ತಪ್ಪು ನೋಡುವವರಿಗೆ ಮಾತ್ರ ಬರ. ಒಂದು ಸಲ ನೋಡಿಕೊಟ್ಟೆ, ಹೆಸರಾಯಿತು. ಆಮೇಲೆ ಯಜಮಾನರು ಬಾಗಿಲ ಪಕ್ಕ ಒಂದು ತಗಡಿನ ಬೋರ್ಡನ್ನೇ ಹಾಕಿಸಿಬಿಟ್ಟರು: ‘ಬರಹಗಾರರ ಗಮನಕ್ಕೆ. ಇಲ್ಲಿ ಪ್ರೂಫ್ ನೋಡಿ ಕೊಡಲಾಗುವುದು.’ ಆ ಬೋರ್ಡಿನ ಕೆಳಗೆ ನಿಂತು ನಾನು ಪಟ್ಟ ಹೆಮ್ಮೆ, ತಾಲ್ಲೂಕು ಕಚೇರಿಯಲ್ಲಿ ತಹಸೀಲ್ದಾರರೂ ಪಟ್ಟಿರಲಿಕ್ಕಿಲ್ಲ.

ಪ್ರೂಫ್ ನೋಡುವುದು ಒಬ್ಬರ ಕೆಲಸವಲ್ಲ. ಬರೆದವರ ಕೈಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಅಚ್ಚಾದ ಹಾಳೆಯ ಮೇಲೆ ಇನ್ನೊಬ್ಬರು ಬೆರಳಿಟ್ಟುಕೊಂಡು ಹೋಗಬೇಕು. ನನಗೆ ಓದಲು ಸಿಕ್ಕಿದ್ದು ನಮ್ಮ ಅತ್ತೆ ಗಂಗಮ್ಮ. ಅಕ್ಷರ ಬಲ್ಲವರು, ಹಳೆಯ ಕಾಲದ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು. ಆದರೆ ಆಯುಷ್ಯವೆಲ್ಲ ಹಿಟ್ಟಿನ ಗಿರಣಿ ನಡೆಸಿದವರು. ಗಿರಣಿಯ ಬೆಲ್ಟು ತಿರುಗುವ ಸದ್ದಿನ ಮೇಲೆ ‘ಯಾರದವಾ ಈ ಜ್ವಾಳ’ ಎಂದು ಕೂಗಿ ಕೂಗಿ ಅವರ ಗಂಟಲು ಒಂದೇ ಮಟ್ಟಕ್ಕೆ ನಿಂತುಬಿಟ್ಟಿತ್ತು. ಗಿರಣಿ ಮಾರಿ ವರ್ಷಗಳಾಗಿದ್ದರೂ ಗಂಟಲು ಇಳಿದಿರಲಿಲ್ಲ. ದೇವರ ಮುಂದೆ ಗುಟ್ಟಾಗಿ ಹರಕೆ ಹೊತ್ತರೂ ಓಣಿಯ ತುದಿಯವರಿಗೆ ಅದು ಏನು ಹರಕೆ ಎಂದು ಗೊತ್ತಾಗುತ್ತಿತ್ತು.

ಅವರು ಅಕ್ಷರದ ಜೊತೆ ಚಿಹ್ನೆಗಳನ್ನೂ ಓದಬೇಕಿತ್ತು. ಕಾಮಾ, ಫುಲ್‌ಸ್ಟಾಪು ಸಲೀಸಾಗಿ ಬಂದವು. ಉದ್ಧರಣ ಚಿಹ್ನೆಗೆ ಅವರದೇ ಹೆಸರು: ಶುರುವಾದರೆ ‘ಮಾತು ಬಂತು’, ಮುಗಿದರೆ ‘ಮಾತು ಹೋತು’. ಒಳಮನೆ ಕತ್ತಲು, ಆದ್ದರಿಂದ ನಾವು ಕೂರುತ್ತಿದ್ದುದು ಬೀದಿಕಟ್ಟೆಯ ಮೇಲೆ. ಮಧ್ಯಾಹ್ನ ಊಟವಾದ ಮೇಲೆ ‘ಮಾತು ಬಂತು ಎಲೈ ಪಾಪಿ ಕಾಮಾ’ ಎಂದು ನಾಟಕದ ಪ್ರೂಫ್ ಶುರುವಾದರೆ ಎದುರು ಮನೆಯ ಟೇಲರ್ ಈರಮ್ಮನ ಮಿಷನ್ನು ತಾನಾಗಿಯೇ ನಿಲ್ಲುತ್ತಿತ್ತು. ಕೆಲವು ದಿನಗಳಲ್ಲಿ ಈರಮ್ಮ ಗಿರಾಕಿಗಳೊಡನೆ ಜಗಳವಾಡುವಾಗಲೂ ಕೊನೆಗೆ ‘ಫುಲ್‌ಸ್ಟಾಪು’ ಎನ್ನತೊಡಗಿದಳು.

ಹೀಗಿರುವಾಗ ದನದ ಡಾಕ್ಟರು ಬಂದರು. ವೀರಭದ್ರಪ್ಪ ಅಂತ, ಹೊಳಲಿನವರು, ಚಿಗಟೇರಿಯ ಪಶು ಆಸ್ಪತ್ರೆಯಲ್ಲಿ ಕೆಲಸ. ಕಂಕುಳಲ್ಲಿ ಒಂದು ದಪ್ಪ ಕಟ್ಟು. ಅಮಾವಾಸ್ಯೆ-ಹುಣ್ಣಿಮೆಯೆನ್ನದೆ ವರ್ಷಗಟ್ಟಲೆ ಕೂತು ಬರೆದ ಪತ್ತೇದಾರಿ ಕಾದಂಬರಿ. ಒಬ್ಬ ಶೇಂಗಾ ದಲಾಲಿ ತನ್ನ ಗೋದಾಮಿನಲ್ಲಿ ಸತ್ತು ಬಿದ್ದಿದ್ದಾನೆ, ಬಾಗಿಲಿಗೆ ಒಳಗಿನಿಂದ ಚಿಲಕ. ಸಂಶಯಕ್ಕೆ ಅವನ ತಮ್ಮ, ಗುಮಾಸ್ತ, ಎರಡನೆಯ ಹೆಂಡತಿ, ಊರಿನ ಕಾಂಪೌಂಡರ್, ಹೀಗೆ ಬೇಕಾದಷ್ಟು ಜನ. ಡಾಕ್ಟರು ಕಟ್ಟನ್ನು ನನ್ನ ಕೈಗೆ ಕೊಡುವಾಗ ಕೂಸನ್ನು ಕೊಡುವ ಹಾಗೆ ಕೆಳಗೆ ಕೈ ಹಿಡಿದೇ ಇದ್ದರು. ಅವರದು ಒಂದೇ ಷರತ್ತು: ಕೊಂದವರು ಯಾರೆಂಬುದು ಪುಸ್ತಕ ಕೊಂಡವರಿಗಲ್ಲದೆ ಇನ್ನೊಬ್ಬರಿಗೆ ಗೊತ್ತಾಗಬಾರದು. ಗೊತ್ತಾದರೆ ಆ ಪುಸ್ತಕ ಕೆಟ್ಟಂತೆ. ಮನೆಯಲ್ಲಿ ಹೆಂಡತಿಗೂ ಹೇಳಿಲ್ಲ ಎಂದರು. ಹೆಂಡತಿ ಕೇಳಿಯೂ ಇಲ್ಲವೆಂದು ಆಮೇಲೆ ಮೆಲ್ಲಗೆ ಸೇರಿಸಿದರು. ನಾವು ಅತ್ತೆ ಸೊಸೆ ಇಬ್ಬರೇ ಓದುವುದು ಎಂದು ನಾನು ಮಾತು ಕೊಟ್ಟೆ. ಅದು ಸುಳ್ಳೇನಲ್ಲ. ಓದುವವರು ಇಬ್ಬರೇ. ಕೇಳುವವರ ಲೆಕ್ಕ ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಹರಪನಹಳ್ಳಿಯಿಂದ ಮಧ್ಯಾಹ್ನದ ಬಸ್ಸಿನ ಕಂಡಕ್ಟರ ಕೈಯಲ್ಲಿ ಪ್ರೂಫ್ ಬರುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ಅದನ್ನು ಹಿಡಿದು ನಾನು ಮನೆಗೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಜಾಗ ಇರುತ್ತಿರಲಿಲ್ಲ. ಮೊದಲು ಈರಮ್ಮ ಕಾಜಾ ಹಾಕುವ ನೆಪದಿಂದ ಬಂದಳು. ಆಮೇಲೆ ಶೇಂಗಾ ಸುಲಿಯುವವರು ಮೊರ ಹಿಡಿದುಕೊಂಡು ಬಂದರು. ಶಾವಿಗೆ ಹೊಸೆಯುವವರು, ಮಾಡಲು ಏನೂ ಇಲ್ಲದವರು, ಎಲ್ಲರೂ ಬಂದರು. ಅಯ್ಯೋ, ಅಂಥ ಮಧ್ಯಾಹ್ನಗಳು ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ. ದಲಾಲಿಯ ಹೆಣದ ಪಕ್ಕ ಬಳೆಯ ಚೂರು ಸಿಕ್ಕ ಕಡೆ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತು, ಮುಗಿದು, ಮುಂದಿನ ಫಾರಂ ಎಂಟು ದಿನ ಬರಲಿಲ್ಲ ನೋಡಿ, ಓಣಿಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನೂ ಮರೆತರು. ಗುಮಾಸ್ತನೇ ಎಂದು ಒಂದು ಪಂಗಡ, ತಮ್ಮನೇ ಎಂದು ಇನ್ನೊಂದು. ಎರಡನೆಯ ಹೆಂಡತಿ ಎಂದದ್ದಕ್ಕೆ, ತಾನೂ ಎರಡನೆಯ ಸಂಬಂಧದವಳೇ ಆದ ಈರಮ್ಮ ಎರಡು ದಿನ ಮಾತು ಬಿಟ್ಟಳು. ಕಾಂಪೌಂಡರ್ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ. ಬಡವರಿಗೆ ಪುಕ್ಕಟೆ ಗುಳಿಗೆ ಕೊಡುವವನು, ಕೊಲೆಯಾದ ದಿನ ಹುಣ್ಣಿಮೆಯ ದೇವಿದರ್ಶನಕ್ಕೆಂದು ಉಚ್ಚಂಗಿದುರ್ಗಕ್ಕೆ ಹೋಗಿದ್ದವನು. ನನಗೂ ಅತ್ತೆಗೂ ಕೊನೆ ಗೊತ್ತಿರಲಿಲ್ಲ, ಏಕೆಂದರೆ ಡಾಕ್ಟರು ಕೊನೆಯ ಅಧ್ಯಾಯ ಕೊಟ್ಟಿರಲೇ ಇಲ್ಲ.

ಅದನ್ನು ಪ್ರೂಫ್ ಸಮೇತ ತಾವೇ ಹಿಡಿದುಕೊಂಡು ಒಂದು ಮಧ್ಯಾಹ್ನ ಬಂದರು. ಬಂದವರು ಓಣಿಯ ತಿರುವಿನಲ್ಲೇ ನಿಂತರು. ಅವರ ಕಾದಂಬರಿಯ ಪತ್ತೇದಾರ ಗೋದಾಮಿನ ಕೀಲಿ ಪರೀಕ್ಷೆ ಮಾಡುತ್ತಿದ್ದ, ಅತ್ತೆ ಅದನ್ನು ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಓದುತ್ತಿದ್ದರು, ಓಣಿಗೆ ಓಣಿಯೇ ಉಸಿರು ಹಿಡಿದು ಕೂತಿತ್ತು. ಡಾಕ್ಟರ ಮುಖ ಮೊದಲು ಬಿಳಿಚಿತು. ಆಮೇಲೆ ಕೆಂಪಾಯಿತು. ಯಾರೋ ಸರಿದು ಜಾಗ ಕೊಟ್ಟರು, ತಾವೂ ಕೂತರು. ತಮ್ಮದೇ ಕಥೆಯನ್ನು ಬಾಯಿ ತೆರೆದು ಕೇಳಿದರು. ಎದ್ದು ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದರು.

‘ಇಷ್ಟು ಮಂದಿ ಕೇಳ್ತಾರಂತ ನಾ ಕನಸಿನ್ಯಾಗೂ ಅಂದ್ಕೊಂಡಿರಲಿಲ್ಲವ್ವ. ಭಾಳ ಖುಷಿ ಆತು. ಆದ್ರ ಕಡೀ ಅಧ್ಯಾಯ ಮಾತ್ರ ಇವರ ಕಿವಿಗೆ ಬೀಳಬಾರದು. ನಿನಗ ಕೈ ಮುಗೀತೀನಿ.’

ನಾವೇನೋ ಒಪ್ಪಿದೆವು. ಗಂಟಲು ಒಪ್ಪಬೇಕಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತೆವು. ಅತ್ತೆ ಪಿಸುಗುಡಲು ಹೊರಟರು, ಗಿರಣಿಯೇ ಪಿಸುಗುಟ್ಟಿದಂತಾಯಿತು. ಒಂದು ಸಾಲು ಮುಗಿಯುವಷ್ಟರಲ್ಲಿ ಹಿತ್ತಲ ಕಿಟಕಿಯಲ್ಲಿ ಈರಮ್ಮನ ಕೆಮ್ಮು ಕೇಳಿಸಿತು. ಕಣ್ಣಿನಲ್ಲೇ ಒಬ್ಬಳೇ ನೋಡಿಬಿಡುತ್ತೇನೆ ಎಂದರೆ ಅತ್ತೆ ಬಿಡಲಿಲ್ಲ. ಬೋರ್ಡು ಹಾಕಿದ ಮೇಲೆ ಕೆಲಸ ಪದ್ಧತಿಯಂತೆ ಆಗಬೇಕು ಎಂಬುದು ಅವರ ವಾದ. ಅದು ನಿಜ, ಜೊತೆಗೆ ಕೊಂದವರು ಯಾರೆಂದು ಅವರಿಗೂ ತಿಳಿಯಬೇಕಿತ್ತು. ಕೊನೆಗೆ ಡಾಕ್ಟರೇ ದಾರಿ ಹುಡುಕಿದರು. ಭಾನುವಾರ ಚಿಗಟೇರಿಯ ಆಸ್ಪತ್ರೆಗೆ ರಜೆ, ಅದು ಊರ ಹೊರಗೆ ಇತ್ತು, ಸುತ್ತ ಹೊಲ. ಅಲ್ಲಿಗೇ ಬನ್ನಿ ಎಂದರು.

ಹೋದೆವು. ಬಸ್ಸಿನಲ್ಲಿ ಅತ್ತೆ ಕೊನೆಯ ಅಧ್ಯಾಯದ ಕಟ್ಟನ್ನು ಸೆರಗಿನಲ್ಲಿ ಸುತ್ತಿ ಕೂತ ಗತ್ತು ನೋಡಿ, ಬ್ಯಾಂಕಿಗೆ ಬಂಗಾರ ಒಯ್ಯುವವರೂ ಹಾಗೆ ಕೂರುವುದಿಲ್ಲ. ಆಸ್ಪತ್ರೆಯಲ್ಲಿ ಔಷಧಿಯ ವಾಸನೆ, ಗೋಡೆಗೆ ಹಸುವಿನ ಹೊಟ್ಟೆಯ ಚಿತ್ರಪಟ. ಡಾಕ್ಟರು ಮುಂಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ಅತ್ತೆ ಮನಸ್ಸು ಬಿಚ್ಚಿ ಓದಿದರು. ಕೊಂದವರ ಹೆಸರು ಬಂದಾಗ ಅತ್ತೆ ಕಾಮಾ ನುಂಗಿಬಿಟ್ಟರು. ಯಾರೆಂದು ನಿಮಗೆ ಹೇಳಲಾರೆ, ಡಾಕ್ಟರಿಗೆ ಕೊಟ್ಟ ಮಾತು ಇನ್ನೂ ಹಾಗೇ ಇದೆ.

ಕೆಲಸ ಮುಗಿಸಿ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಒಬ್ಬ ಕುರಿಗಾರ ಕೂತಿದ್ದ. ಹೆಗಲ ಮೇಲೆ ಕಂಬಳಿ, ತೊಡೆಯ ಮೇಲೆ ಕಾಲಿಗೆ ಮುಳ್ಳು ನೆಟ್ಟ ಕುರಿ. ಮೈಲಪ್ಪ ಅಂತ ಹೆಸರು. ಒಳಗೆ ಏನೋ ನಡೆದಿದೆ, ನಡುವೆ ಬಾಗಿಲು ಬಡಿಯಬಾರದು ಎಂದು ಕಾದಿದ್ದನಂತೆ. ಎಲ್ಲ ಕೇಳಿಸಿಕೊಂಡಿದ್ದ. ಅವನಿಗೆ ತಿಳಿಯದೆ ಉಳಿದದ್ದು ಒಂದೇ.

‘ಕೊಂದಾವ ಯಾರಂತ ಗೊತ್ತಾತ್ರಿ ಡಾಕ್ಟ್ರ’ ಎಂದ. ‘ಸತ್ತಾವ ಯಾರ್ರೀ?’

ಡಾಕ್ಟರು ಗೋಡೆ ಹಿಡಿದುಕೊಂಡರು. ಆಮೇಲೆ ಕುರಿಯ ಮುಳ್ಳು ತೆಗೆದರು. ಮುಲಾಮು ಹಚ್ಚಿ, ಮೈಲಪ್ಪನಿಗೆ ಇದು ತಾವು ಬರೆದ ಕಥೆಯೆಂದು ತಿಳಿಸಿ, ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಬೇಡಿಕೊಂಡರು. ಮೈಲಾರಲಿಂಗನ ಆಣೆ ಎಂದ ಮೈಲಪ್ಪ. ಆದರೆ ಮೊದಲಿನದು ತನಗೆ ತಿಳಿಯಬೇಕು, ಓದಲು ತನಗೆ ಬರುವುದಿಲ್ಲ, ಅರ್ಧ ಕೇಳಿ ತಲೆಯಲ್ಲಿ ಹುಳ ಬಿಟ್ಟಂತಾಗಿದೆ ಎಂದ. ಅತ್ತೆ ಕೊಟ್ಟೂರಿನ ನಮ್ಮ ಓಣಿಯ ಗುರುತು ಹೇಳಿದರು. ಡಾಕ್ಟರು ಅತ್ತೆಯ ಕಡೆ ನೋಡಿದ ನೋಟ ನನಗೆ ಈಗಲೂ ನೆನಪಿದೆ.

ಸಂತೆಯ ದಿನ ಮೈಲಪ್ಪ ಬಂದೇ ಬಿಟ್ಟ. ನೋಡಿ ಎಂಥ ಯೋಗ: ಓಣಿಗೆ ಕೊನೆಯೊಂದನ್ನು ಬಿಟ್ಟು ಎಲ್ಲ ಗೊತ್ತು, ಇವನಿಗೆ ಕೊನೆಯ ಹೊರತು ಏನೂ ಗೊತ್ತಿಲ್ಲ. ಕಟ್ಟೆಯ ನಡುವೆ ಕೂರಿಸಿ ಕಥೆ ಹೇಳಿದ್ದೇ ಹೇಳಿದ್ದು. ಒಬ್ಬರು ದಲಾಲಿಯ ಜಿಪುಣತನ ಹೇಳಿದರೆ ಇನ್ನೊಬ್ಬರು ಬಳೆಚೂರಿನದು, ಈರಮ್ಮ ಎರಡನೆಯ ಹೆಂಡತಿಯ ಸಂಕಟ ಹೇಳುತ್ತ ನಿಜವಾಗಿ ಕಣ್ಣೊರೆಸಿಕೊಂಡಳು. ಮೈಲಪ್ಪ ಕೇಳುತ್ತ ಕೇಳುತ್ತ, ‘ಓಹೋ, ಅದಕ್ಕಽ’ ಎನ್ನುವನು. ಅವನು ಓಹೋ ಎಂದಾಗಲೆಲ್ಲ ಹೆಂಗಸರು ಮುಂದಕ್ಕೆ ಬಗ್ಗುವರು. ಚಹಾ ಕುಡಿಸಿದರು, ಒಗ್ಗರಣೆ ಮಂಡಕ್ಕಿ ಕೊಟ್ಟರು, ಹೋಗಲಿ ಗಂಡಸೋ ಹೆಂಗಸೋ ಅಷ್ಟು ಹೇಳು ಎಂದು ದುಂಬಾಲು ಬಿದ್ದರು. ಅವನು ಚಹಾ ಕುಡಿದ, ಮಂಡಕ್ಕಿ ತಿಂದ, ಆಣೆಯಾಗಿದೆ ಎಂದು ಕಂಬಳಿ ಕೊಡವಿ ಎದ್ದ. ಆಮೇಲೆ ಪ್ರತಿ ಸಂತೆಗೂ ಬಂದ. ಕಾಂಪೌಂಡರ್ ಪುಕ್ಕಟೆ ಗುಳಿಗೆ ಕೊಡುವ ಭಾಗ ಅವನಿಗೆ ಬಹಳ ಸೇರಿತ್ತು, ಅದನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದ.

ಪುಸ್ತಕ ಅಚ್ಚಾಗಿ ಬಂತು. ಅಂಗಡಿಗಳಿಗೆ ಕೊಡುವ ಮೊದಲು ಕಟ್ಟುಗಳನ್ನೆಲ್ಲ ಡಾಕ್ಟರು ನಮ್ಮ ಕಟ್ಟೆಗೇ ಇಳಿಸಿದರು. ಕೊನೆಯ ಅಧ್ಯಾಯವನ್ನು ಓಣಿಗೆ ಓದಿ ಹೇಳುವುದು, ಆಮೇಲೆ ಮಾರಾಟ. ಹಾಗೆಂದು ಅವರೇ ಹೇಳಿದಾಗ ನನಗೆ ಆಶ್ಚರ್ಯವಾಯಿತು, ಇಷ್ಟು ದಿನ ಕಾಪಾಡಿದ್ದನ್ನು ಈಗ ಯಾಕೆ ಬಿಟ್ಟರು ಎಂದು. ಆದರೆ ಹೊಸ ಪುಸ್ತಕದ ವಾಸನೆಯ ಮುಂದೆ ನನಗೆ ಯಾವ ವಿಚಾರವೂ ನಿಲ್ಲುವುದಿಲ್ಲ. ಮೈಲಪ್ಪನೂ ಬಂದು ಕಂಬದ ಹತ್ತಿರ ಕೂತಿದ್ದ.

ಅತ್ತೆ ಓದಿದರು. ಅಭ್ಯಾಸಬಲದಿಂದ ಕಾಮಾ ಸಮೇತ. ಪತ್ತೇದಾರ ಎಲ್ಲರನ್ನೂ ಗೋದಾಮಿನಲ್ಲಿ ಸೇರಿಸಿದ, ಬೆರಳೆತ್ತಿ ತೋರಿಸಿದ, ‘ಮಾತು ಬಂತು ಕೊಂದವನು ಕಾಂಪೌಂಡರ್ ಫುಲ್‌ಸ್ಟಾಪು ಮಾತು ಹೋತು.’ ಪೊಲೀಸರು ಕಾಂಪೌಂಡರನ್ನು ಜೀಪಿಗೆ ಹತ್ತಿಸಿದರು. ಮುಗಿಯಿತು.

ನಾನು ನೋಡಿದ ಪ್ರೂಫಿನ ಆ ಸಾಲಿನಲ್ಲಿ ಕಾಂಪೌಂಡರ್ ಇರಲಿಲ್ಲ. ಜೀವಮಾನದಲ್ಲಿ ಇಂಥ ತಪ್ಪು ನನ್ನ ಕಣ್ಣು ತಪ್ಪಿಸಿ ಹೋಗಿದ್ದಿಲ್ಲ, ಒಂದು ಕೊಂಬಲ್ಲ ಒತ್ತಲ್ಲ, ಇಡೀ ಕೊಲೆಗಾರನೇ ಬದಲು. ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ದುರುಗುಟ್ಟಿ ನೋಡಿದರು. ಆಗ ಮೈಲಪ್ಪ ಎದ್ದು ನಿಂತ.

‘ನಾ ಆಣಿ ಮುರದಿಲ್ರಿ’ ಎಂದ. ‘ಹೆಸರು ಈಗೂ ಹೇಳಂಗಿಲ್ಲ. ಆದ್ರ ಆ ಕಾಂಪೌಂಡರ್ ಕೊಂದಿಲ್ರಿ. ನಾ ಕಿವಿಯಾರೆ ಕೇಳೀನಿ.’

ಅಷ್ಟು ಸಾಕಾಯಿತು, ಓಣಿ ಸಿಡಿಯಿತು. ಹುಣ್ಣಿಮೆಯ ದಿನ ಅವನು ಉಚ್ಚಂಗಿದುರ್ಗದಲ್ಲಿದ್ದ, ನಾವೇ ಕೇಳಿದ್ದೇವೆ ಎಂದು ಈರಮ್ಮ ಕತ್ತರಿ ಹಿಡಿದೇ ಎದ್ದಳು. ಪುಕ್ಕಟೆ ಗುಳಿಗೆ ಕೊಡುವವನು ಕೊಲ್ಲುತ್ತಾನೆಯೇ ಎಂದು ಶೇಂಗಾದ ಮೊರಗಳು ಕೆಳಗಿಳಿದವು. ನಾನು ತಪ್ಪನ್ನು ಪ್ರೆಸ್ಸಿನವರ ಮೇಲೆ ಹಾಕಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಡಾಕ್ಟರು ತಲೆ ತಗ್ಗಿಸಿದರು. ತಾವೇ ಬದಲಿಸಿದ್ದೆಂದು ಒಪ್ಪಿಕೊಂಡರು. ಆ ಮೊದಲ ಸಂತೆಯ ದಿನ ನಮ್ಮ ಮನೆಗೆಂದು ಬಂದವರು ಓಣಿಯ ತಿರುವಿನಿಂದ ಮೈಲಪ್ಪನನ್ನು ಕಂಡರಂತೆ. ನಡುವೆ ಅವನು, ಸುತ್ತ ಬಗ್ಗಿದ ತಲೆಗಳು, ಕೈಯಲ್ಲಿ ಚಹಾ. ಎಲ್ಲ ಹೇಳಿಬಿಟ್ಟ, ಪುಸ್ತಕ ಕೆಟ್ಟಿತು ಎಂದುಕೊಂಡು ಅದೇ ಕಾಲಲ್ಲಿ ಹರಪನಹಳ್ಳಿ ಬಸ್ಸು ಹಿಡಿದು, ಯಾರೂ ಊಹಿಸದವನು ಯಾರಿದ್ದಾನೆಂದು ಯೋಚಿಸಿ, ಅಚ್ಚಿಗೆ ಹೋಗುವ ಮೊದಲು ನಾಲ್ಕು ಸಾಲಿನ ಮೊಳೆ ಬದಲಿಸಿ ಬಂದರಂತೆ. ಕೊನೆ ಗೊತ್ತೆಂದು ಕೂತ ಓಣಿಯನ್ನು ಬೆರಗುಗೊಳಿಸಲೆಂದೇ ಈ ಓದು ಇಟ್ಟಿದ್ದರಂತೆ.

‘ನೀ ಹೇಳೇ ಇಲ್ಲೇನೋ ಮೈಲಪ್ಪ?’ ಎಂದರು.

‘ನನ್ನ ಹೇಣ್ತಿಗೂ ಹೇಳಿಲ್ರಿ’ ಎಂದ ಮೈಲಪ್ಪ.

ಡಾಕ್ಟರಿಗೆ ಅಳುವೋ ನಗುವೋ ತಿಳಿಯದಾಯಿತು. ತಾವು ಹುಟ್ಟಿಸಿದ ಒಬ್ಬ ಕಾಂಪೌಂಡರನಿಗಾಗಿ ಇಷ್ಟು ಜನ ಜಗಳಕ್ಕೆ ನಿಂತಿದ್ದಾರೆ ಎಂಬುದು ಅವರಿಗೆ ನಂಬಲಾಗುತ್ತಿರಲಿಲ್ಲ. ನನಗಂತೂ ಅಂದು ಕುಣಿಯಬೇಕೆನಿಸಿತ್ತು, ಸೊಸೆಯಾದವಳು ಬೀದಿಯಲ್ಲಿ ಕುಣಿಯಬಾರದಷ್ಟೆ. ಆದರೆ ಪುಸ್ತಕಗಳೆಲ್ಲ ಅಚ್ಚಾಗಿ, ಹೊಲಿಗೆಯಾಗಿ ಎದುರಿಗೆ ಕೂತಿದ್ದವು. ಮತ್ತೆ ಅಚ್ಚು ಹಾಕಿಸುವ ಶಕ್ತಿ ಡಾಕ್ಟರಿಗಿರಲಿಲ್ಲ. ಉಳಿದದ್ದು ಒಪ್ಪೋಲೆ ಒಂದೇ. ಅಚ್ಚಿನಲ್ಲಿ ತಪ್ಪು ಉಳಿದರೆ ಸರಿಯಾದದ್ದು ಇಂಥದ್ದು ಎಂದು ಮುದ್ರಿಸಿ ಅಂಟಿಸುವ ಚೀಟಿ. ಪ್ರೂಫ್ ನೋಡುವವರಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ. ನಾನು ನೋಡಿದ ಯಾವ ಪುಸ್ತಕಕ್ಕೂ ಅಲ್ಲಿಯವರೆಗೆ ಅದು ಬೇಕಾಗಿರಲಿಲ್ಲ. ಆದರೂ ಅದನ್ನು ಬರೆದುಕೊಟ್ಟವಳು ನಾನೇ, ಅದೂ ಎಂಥ ಉಮೇದಿನಿಂದ. ಪುಟ ಇಷ್ಟು, ಸಾಲು ಇಷ್ಟು, ‘ಕಾಂಪೌಂಡರ್’ ಎಂದಿರುವಲ್ಲಿ ಇಂಥವರೆಂದು ಓದಿಕೊಳ್ಳಬೇಕು, ಕಾಂಪೌಂಡರ್ ನಿರಪರಾಧಿ. ಕೊನೆಯ ಎರಡು ಶಬ್ದ ಒಪ್ಪೋಲೆಯ ಪದ್ಧತಿಯಲ್ಲಿಲ್ಲ. ಓಣಿಯವರು ಬಿಡಲಿಲ್ಲ.

ಒಪ್ಪೋಲೆಯನ್ನು ಪುಸ್ತಕದ ಮೊದಲಿಗೇ ಅಂಟಿಸುವುದು ರೂಢಿ. ಇಲ್ಲಿ ಹಾಗೆ ಮಾಡಿದರೆ ಕಥೆ ಶುರುವಾಗುವ ಮೊದಲೇ ಕೊಲೆಗಾರ ಸಿಕ್ಕಿಬೀಳುತ್ತಾನೆ. ಆದ್ದರಿಂದ ಕೊನೆಯ ಪುಟಕ್ಕೆ. ಪ್ರೆಸ್ಸಿನಿಂದ ಚೀಟಿಗಳು ಬಂದ ದಿನ ಈರಮ್ಮ ಮೈದಾ ಅಂಟು ಕುದಿಸಿದಳು. ಕಟ್ಟೆಯ ತುಂಬ ಪುಸ್ತಕ, ಅಂಟು, ಕೈ. ಒಬ್ಬರು ಪುಟ ತೆಗೆಯುವುದು, ಒಬ್ಬರು ಹಚ್ಚುವುದು, ಮೈಲಪ್ಪ ತನ್ನ ದಪ್ಪ ಹೆಬ್ಬೆರಳಿನಿಂದ ಒತ್ತುವುದು. ಡಾಕ್ಟರು ಎಲ್ಲರಿಗೂ ಚಹಾ ಹಂಚುತ್ತಿದ್ದರು. ಕಟ್ಟುಗಳೆಲ್ಲ ಮುಗಿದ ಮೇಲೆ, ಒಮ್ಮೆ ಆ ಚೀಟಿ ಓದಬೇಕು ಎಂದು ಮೈಲಪ್ಪ ಕೇಳಿದ. ಅತ್ತೆ ಎದ್ದು ನಿಂತು, ಕಾಮಾ ಫುಲ್‌ಸ್ಟಾಪು ಒಂದೂ ಬಿಡದೆ, ಓಣಿಯ ಆಚೆಗೂ ಕೇಳುವಂತೆ ಓದಿದರು.

ಮೈಲಪ್ಪ ಹೆಬ್ಬೆರಳಿನ ಅಂಟನ್ನು ಕಂಬಳಿಗೆ ಒರೆಸಿಕೊಂಡ. ಆಮೇಲೆ ಡಾಕ್ಟರ ಕಡೆ ತಿರುಗಿ, ‘ಹಂಗಾರ ಆ ಕಾಂಪೌಂಡರ್ ಈಗ ಮನಿಗೆ ಹೋಗ್ಯಾನಲ್ರಿ?’ ಎಂದು ಕೇಳಿದ.

‘ಹೋಗ್ಯಾನ ಮೈಲಪ್ಪ’ ಎಂದರು ಡಾಕ್ಟರು. ‘ಉಣ್ಣಾಕ ಕುಂತಾನ.’